ಸತ್ತ ಮೇಲೂ ಡ್ಯೂಟಿ

ನಮ್ಮಲ್ಲಿ ಕೆಲವರ ಮನೆಯಲ್ಲಿ ಹದಿಮೂರನೇ ದಿನ ವೈಕುಂಠ ಸಮಾರಾಧನೆ ಮುಗಿಸಿ ಸತ್ತವರನ್ನು ಬಿಟ್ಟುಬಿಡುತ್ತೇವೆ. ಫ್ರಾನ್ಸಿನವರು ಬಿಡುವುದಿಲ್ಲ. ಶಿಲ್ಪಿ ಒಗುಸ್ತ್ ರೊಡಾನ್ ತೀರಿಕೊಂಡಿದ್ದು 1917ರಲ್ಲಿ. ಡ್ಯೂಟಿ ಇನ್ನೂ ಮುಗಿದಿಲ್ಲ.

1916ರಲ್ಲೇ ಅವನು ಶಿಲ್ಪ, ಅಚ್ಚು, ಹಕ್ಕು ಎಲ್ಲವನ್ನೂ ಸರ್ಕಾರಕ್ಕೆ ಬರೆದುಕೊಟ್ಟಿದ್ದ. 1919ರಲ್ಲಿ ಪ್ಯಾರಿಸ್ಸಿನ ಬಿರಾನ್ ಬಂಗಲೆಯಲ್ಲಿ ಅವನೊಬ್ಬನದೇ ಮ್ಯೂಸಿಯಂ ಶುರುವಾಯಿತು. ಬೇರೆ ಮ್ಯೂಸಿಯಂಗಳು ಹಳೆಯದಕ್ಕೆ ಕಾವಲು ಕೂರುತ್ತವೆ. ಇದು ಕಾವಲೂ ಕಾಯುತ್ತದೆ, ಅವನ ಅಚ್ಚುಗಳಿಂದ ಹೊಸ ಕಂಚಿನ 'ಒರಿಜಿನಲ್' ಎರಕ ಹೊಯ್ಯಿಸಿ ಮಾರಲೂ ಮಾರುತ್ತದೆ.

ಒಂದು ಶಿಲ್ಪಕ್ಕೆ ಒರಿಜಿನಲ್ ಎಷ್ಟು? ಹನ್ನೆರಡು. ಫ್ರೆಂಚ್ ನಿಯಮವೇ ಹಾಗೆ. ಎಂಟಕ್ಕೆ ಮಾಮೂಲಿ ಅಂಕಿ, ನಾಲ್ಕಕ್ಕೆ ರೋಮನ್ ಅಂಕಿ. ಆ ನಾಲ್ಕು 'ಕಲಾವಿದನ ಪ್ರತಿ' ಅಂತೆ. ಕಲಾವಿದ ಪ್ಯಾರಿಸ್ ಪಕ್ಕದ ಮ್ಯೂಡಾನ್‌ನಲ್ಲಿ ಮಣ್ಣಾಗಿದ್ದಾನೆ, ಸಮಾಧಿಯ ಮೇಲೆ ಅವನದೇ ಶಿಲ್ಪ 'ಚಿಂತಕ' ಕೂತಿದ್ದಾನೆ. ಆದರೂ ಪಾಲು ಪಾಲೇ, ಅಲ್ವಾ?

ಹದಿಮೂರನೆಯದು ಮಾತ್ರ ನಕಲು. ಅಚ್ಚು ಅದೇ, ಕಂಚು ಅದೇ, ಕುಲುಮೆ ಅದೇ ಇರಲಿ, ಮೈಮೇಲೆ 'ರೀಪ್ರೊಡಕ್ಷನ್' ಎಂದು ಬರೆಸಿಕೊಳ್ಳಬೇಕು. ಒಂದೇ ಹಿಟ್ಟು, ಒಂದೇ ತಟ್ಟೆ. ಹನ್ನೆರಡು ಇಡ್ಲಿ ಅಜ್ಜಿ ಮಾಡಿದ್ದು, ಹದಿಮೂರನೆಯದು ಹೋಟೆಲ್‌ದು!

ಬದುಕಿದ್ದಾಗಲೂ ಅವನ ಕೈ ಆಡುತ್ತಿದ್ದುದು ಜೇಡಿಮಣ್ಣಿನಲ್ಲಿ, ಎರಕ ಹೊಯ್ಯುತ್ತಿದ್ದವರು ಫೌಂಡ್ರಿಯವರು. ಅದು ಒಪ್ಪಿದೆ. ಆಗ ಕನಿಷ್ಠ ಬೈಯ್ಯೋಕೆ ಅವನಾದರೂ ಇದ್ದ.

'ಕ್ಯಾಲೆಯ ನಾಗರಿಕರು' ಶಿಲ್ಪ ಕ್ಯಾಲೆ ಊರಿನಲ್ಲಿ ನಿಂತದ್ದು 1895ರಲ್ಲಿ. ಅದರ ಹನ್ನೆರಡನೇ ಒರಿಜಿನಲ್ ಎರಕವಾದದ್ದು ಸರಿಯಾಗಿ ನೂರು ವರ್ಷದ ಮೇಲೆ, 1995ರಲ್ಲಿ. ಸೇರಿದ್ದು ದಕ್ಷಿಣ ಕೊರಿಯಾದ ಸಿಯೋಲ್‌ಗೆ. ಇಂಥ ಕಂಚುಗಳ ಬುಡದಲ್ಲಿ ಬಗ್ಗಿ ನೋಡಿ. 'ಎ. ರೊಡಾನ್' ಎಂದು ಚಂದದ ಸಹಿ. ಪಕ್ಕದಲ್ಲಿ ನಂಬರು, ಫೌಂಡ್ರಿಯ ಹೆಸರು, ಮ್ಯೂಸಿಯಂನ ಕಾಪಿರೈಟ್, ಇಸವಿ. ನಮ್ಮ ಕಡೆ ಸೈಟಿನ ಪತ್ರಕ್ಕೆ ಸತ್ತವರ ಸಹಿ ಹಾಕಿದರೆ ಪೊಲೀಸ್ ಕೇಸು. ಅಲ್ಲಿ ಅದೇ ಗ್ಯಾರಂಟಿ.

ನನಗೆ ಪಾಪ ಅನ್ನಿಸುವುದು 1877ರ ರೊಡಾನ್‌ನನ್ನು ನೆನೆದಾಗ. 'ಕಂಚಿನ ಯುಗ' ಎಂಬ ಶಿಲ್ಪ ತೋರಿಸಿದ. ಎಷ್ಟು ಜೀವಂತವಾಗಿತ್ತೆಂದರೆ, "ಇದು ಕೈಕೆಲಸವಲ್ಲ, ಮನುಷ್ಯನ ಮೈಗೇ ಅಚ್ಚು ಹಾಕಿ ತೆಗೆದದ್ದು" ಎಂದು ಜನ ಆಡಿಕೊಂಡರು. ಮಾಡೆಲ್‌ನ ಫೋಟೊ ತೆಗೆಸಿಟ್ಟುಕೊಂಡು ಸಾಕ್ಷಿ ಹೇಳುತ್ತಾ ತಿರುಗಿದ. ಹನ್ನೆರಡರ ಒಳಗಾದರೆ ಅಚ್ಚು ಹಾಕಿದರೂ ಒರಿಜಿನಲ್ಲೇ ಕಣಪ್ಪಾ ಅಂತ ಅವನಿಗೆ ಆಗ ಯಾರೂ ಹೇಳಲಿಲ್ಲ.