ನಡೆಯುವ ದಾರಿಯ ಪಕ್ಕದಲ್ಲೇ ಉರುಳು ಹಾಕಲು ಬಿಟ್ಟವರು ಯಾರು?

"ನಾಯಿಗೆ ಹಗ್ಗ ಹಾಕಿದ್ರಾ ಮೇಡಂ?"

ನನ್ನ ನಾಯಿ ಉರುಳಿಗೆ ಸಿಕ್ಕಿತ್ತು ಅಂತ ದೂರು ಕೊಡಲು ಹೋದಾಗ, ಕಚೇರಿಯ ಕೌಂಟರಿನಾಚೆ ಕೂತಿದ್ದವರು ಕೇಳಿದ ಮೊದಲ ಪ್ರಶ್ನೆ ಇದು. ನಾಯಿ ಹೇಗಿದೆ ಅಂತ ಅಲ್ಲ. ಉರುಳು ಎಲ್ಲಿತ್ತು ಅಂತಲೂ ಅಲ್ಲ. ಹಾಕಿದ್ದೆ ಸ್ವಾಮಿ! ಹಗ್ಗ ನನ್ನ ಕೈಯಲ್ಲೇ ಇತ್ತು. ದಾರಿಯಂಚಿನ ಪೊದೆ ಮೂಸಲು ತಲೆ ಹಾಕಿತು, ಅಷ್ಟೇ. ತಂತಿ ಕುತ್ತಿಗೆಗೆ ಬಿತ್ತು.

"ಹಾಗಾದ್ರೆ ದಾರಿ ಬಿಟ್ಟು ಯಾಕೆ ಹೋಯಿತು?" ಅಂದರು. ಬಿಟ್ಟಿಲ್ಲ ಅಂದೆ. ಅವರ ದನಿ ಬದಲಾಯಿತು. "ಉರುಳು ಕಿತ್ತವರು ನೀವೇನಾ? ಅದು ಉರುಳು ಹಾಕಲು ಪರ್ಮಿಟ್ ಇರುವವರ ಸಾಮಾನು. ಮುಟ್ಟೋ ಹಾಗಿಲ್ಲ, ಗೊತ್ತಾ?" ಹಿಂದೆ ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು, ಕಳ್ಳಿ ಸಿಕ್ಕಿಬಿದ್ದ ಹಾಗೆ. ನನ್ನ ತೋಳಿನ ಮೇಲಿದ್ದ ರಕ್ತ ಇನ್ನೂ ಒಣಗಿರಲಿಲ್ಲ. ದೂರು ಕೊಡಲು ಹೋದವಳು ನಾನು. ಬರೆದುಕೊಂಡಿದ್ದು ನನ್ನ ಹೆಸರು, ನನ್ನ ವಿಳಾಸ. ಉರುಳು ಹಾಕಿದವನ ಹೆಸರು ಕೇಳಿದರೆ "ಅದೆಲ್ಲ ಹೇಳಕ್ಕಾಗಲ್ಲ." ಗಂಟಲು ಕಟ್ಟಿತು. ಸುಮ್ನೆ ಹೊರಗೆ ಬಂದೆ.

ಈಗ ಮಲಗಿದರೂ ಅದೇ. "ಮುಟ್ಟೋ ಹಾಗಿಲ್ಲ, ಗೊತ್ತಾ?" ಮುಟ್ಟದೆ ಏನು ಮಾಡಬೇಕಿತ್ತು? ಕಣ್ಣೆದುರೇ ಉಸಿರು ಕಟ್ಟುತ್ತಿರುವಾಗ ಫಾರಂ ತುಂಬಬೇಕಿತ್ತಾ?

ಈ ಉರುಳು ಎಳೆದಷ್ಟೂ ಬಿಗಿಯುತ್ತದೆ. ಕುಣಿಕೆಯನ್ನು ಬಿಗಿಯಾಗಿ ಹಿಡಿದಿಡುವ ಅದರ ಲಾಕ್ ತಾನಾಗಿ ಹಿಂದೆ ಜಾರುವುದಿಲ್ಲ. ಹೆದರಿದ ನಾಯಿ ಎಳೆಯದೆ ಇರುತ್ತದಾ? ಯಾರಿಗಾದರೂ ಹೀಗಾದರೆ, ತಂತಿಯ ಇನ್ನೊಂದು ತುದಿ ಕಟ್ಟಿರುವ ಕಡೆಗೇ ನಾಯಿಯನ್ನು ಸರಿಸಿ. ತಂತಿ ಸಡಿಲವಾದ ಮೇಲೆ ಲಾಕ್ ಹಿಂದಕ್ಕೆ ಒತ್ತಿ. ಉಕ್ಕಿನ ಎಳೆ ಹೆಣೆದ ತಂತಿ ಅದು, ಮನೆಯ ಕತ್ತರಿಗೆ ಬಗ್ಗಲ್ಲ. ಇಷ್ಟನ್ನು ದಾರಿ ಶುರುವಾಗುವಲ್ಲಿ ಒಂದು ಬೋರ್ಡಿನಲ್ಲಿ ಬರೆದಿದ್ದರೂ ಸಾಕಿತ್ತು.

ನರಿಗೆ ಅಂತ ಹಾಕಿದ ಉರುಳಿಗೆ ನರಿ ಯಾವುದು, ನಾಯಿ ಯಾವುದು ಅಂತ ಗೊತ್ತಾಗುತ್ತದಾ? ಆಟವಾಡುವ ಮಗುವಿನ ಕಾಲು ಯಾವುದು ಅಂತ? ಭಾರತದ 1972ರ ವನ್ಯಜೀವಿ ಕಾಯ್ದೆಯಲ್ಲಿ ಉರುಳು ಹಾಕಿ ಹಿಡಿಯುವುದೂ ಬೇಟೆಯೇ. ಇಲ್ಲಿ ಅದಕ್ಕೇ ಪರ್ಮಿಟ್. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 2018ರಲ್ಲಿ ರಾಕ್ಸಿ ಅನ್ನುವ ನಾಯಿ ಉರುಳಿಗೆ ಸಿಕ್ಕಿ ಸತ್ತಿತು. ಸಾರ್ವಜನಿಕ ಜಾಗದಲ್ಲಿ ಉರುಳು, ಬೋನುಗಳನ್ನು ಬಹುಮಟ್ಟಿಗೆ ನಿಷೇಧಿಸುವ ಕಾನೂನು 2021ರಲ್ಲಿ ಅದರ ಹೆಸರಿನಲ್ಲೇ ಬಂತು. ಇಲ್ಲಿಯೂ ಒಂದು ಹೆಣ ಬೀಳುವವರೆಗೆ ಕಾಯಬೇಕಾ?

ಬಿಡಿ, ಏನೂ ಆಗಲ್ಲ. ಅವರಿಗೆ ಪರ್ಮಿಟ್ ಇದೆ, ನಮಗೆ ನಾಯಿ ಇದೆ. ಇನ್ನು ಆ ದಾರಿಗೇ ಹೋಗಲ್ಲ.

ಯಾಕೆ ಹೋಗಬಾರದು? ಎಲ್ಲರೂ ನಡೆಯಲಿ ಅಂತ ಮಾಡಿದ ದಾರಿ ಅಲ್ವಾ ಅದು? ಪೂರ್ತಿ ನಿಷೇಧ ಆಗಲ್ಲ ಅನ್ನುತ್ತೀರಾ, ಸರಿ. ದಾರಿಯಿಂದ ಎಷ್ಟು ಹೆಜ್ಜೆ ದೂರ ಹಾಕಬೇಕು? ಹಾಕಿದವನು ಎಷ್ಟು ಗಂಟೆಗೊಮ್ಮೆ ಬಂದು ನೋಡಬೇಕು? ಉರುಳಿನ ಮೇಲೆ ಅವನ ಗುರುತು ಇರಬೇಕಾ, ಬೇಡವಾ? ಗೊತ್ತಿರುವವರು, ಆ ಕಚೇರಿಯವರೇ ಆದರೂ ಸರಿ, ಉತ್ತರ ಕೊಡಿ.