ಕ್ಯೂ ನಿಲ್ಲಲಿಕ್ಕೆ 31 ಡಾಲರ್

ಅಮೆರಿಕದ ಡೆನ್ವರ್‌ನ ನಮ್ಮ ಆಫೀಸಿನಲ್ಲಿ ಒಬ್ಬ ಗೆಳೆಯ ಇದ್ದಾನೆ. ಮನೆ ಸಾಲಕ್ಕೂ ಅಷ್ಟು ದೊಡ್ಡ ಎಕ್ಸೆಲ್ ಶೀಟ್ ಮಾಡಿರಲಿಕ್ಕಿಲ್ಲ. ಬೇಟೆಯಲ್ಲಿ ಒಂದೇ ಒಂದು ಪ್ರಾಂಗ್‌ಹಾರ್ನ್, ಅಂದರೆ ಜಿಂಕೆಯಂಥ ಒಂದು ಪ್ರಾಣಿ, ಹೊಡೆಯಲು ಯಾವ ರಾಜ್ಯದಲ್ಲಿ, ಯಾವಾಗ ಅರ್ಜಿ ಹಾಕಬೇಕು ಅನ್ನುವ ಲೆಕ್ಕ ಅದು. ಅರಿಜೋನಾಕ್ಕೆ ಫೆಬ್ರವರಿ, ನ್ಯೂ ಮೆಕ್ಸಿಕೋಗೆ ಮಾರ್ಚ್, ಕೊಲೊರಾಡೋಗೆ ಏಪ್ರಿಲಿನ ಮೊದಲ ಮಂಗಳವಾರ, ನೆವಾಡಾಕ್ಕೆ ಮೇ, ವಯೋಮಿಂಗ್‌ಗೆ ಜೂನ್ ಶುರು. ನಮ್ಮಜ್ಜಿ ಏಕಾದಶಿಯನ್ನೂ ಇಷ್ಟು ಭಯಭಕ್ತಿಯಿಂದ ಗುರುತು ಹಾಕುತ್ತಿರಲಿಲ್ಲ.

ಹೊಡೆಯೋದು ಆಮೇಲೆ. ಮೊದಲು ಟ್ಯಾಗ್ ಸಿಗಬೇಕು, ಅಂದರೆ ಒಂದು ಪ್ರಾಣಿಗೆ ಒಂದು ಪರವಾನಗಿ ಚೀಟಿ. ಅದು ಬರೋದು ಲಾಟರಿಯಲ್ಲಿ. ಬರದಿದ್ದರೆ ಸಮಾಧಾನಕ್ಕೆ ಒಂದು ಪಾಯಿಂಟ್, ಮುಂದಿನ ಸಲದ ಲಾಟರಿಯಲ್ಲಿ ಅವಕಾಶ ಹೆಚ್ಚಲಿ ಅಂತ. ವಯೋಮಿಂಗ್‌ನಲ್ಲಿ ಹೊರರಾಜ್ಯದವರಿಗೆ ಆ ಸಮಾಧಾನವೂ ಪುಕ್ಕಟೆ ಅಲ್ಲ, 31 ಡಾಲರ್. ಅರಿಜೋನಾದಲ್ಲಂತೂ ಅರ್ಜಿ ಹಾಕಲಿಕ್ಕೇ ಹೊರಗಿನವರು 160 ಡಾಲರಿನ ಲೈಸೆನ್ಸ್ ಕೊಳ್ಳಬೇಕು. ಟ್ಯಾಗ್ ಬಾರದಿದ್ದರೆ ಅದು ಗೋವಿಂದ. ನೆವಾಡಾದವರು ಪಾಯಿಂಟನ್ನು ಅದರಿಂದಲೇ ಗುಣಿಸುತ್ತಾರೆ, 10 ಇದ್ದವನ ಹೆಸರಲ್ಲಿ ಲಾಟರಿಗೆ ನೂರಕ್ಕೂ ಜಾಸ್ತಿ ಚೀಟಿ. ನ್ಯೂ ಮೆಕ್ಸಿಕೋದಲ್ಲಿ ಪಾಯಿಂಟೇ ಇಲ್ಲ. ಇವತ್ತು ಬಂದವನೂ ಒಂದೇ, 20 ವರ್ಷ ಕಾದವನೂ ಒಂದೇ.

ಮಜಾ ಏನಪ್ಪಾ ಅಂದ್ರೆ, ನೀವು ಪಾಯಿಂಟ್ ಕೂಡಿಸಿದ ಹಾಗೆ ಪಕ್ಕದವನೂ ಕೂಡಿಸುತ್ತಾನೆ. ಒಳ್ಳೆ ಯೂನಿಟ್ಟಿಗೆ, ಅಂದರೆ ಬೇಟೆಗೆ ಗೆರೆ ಎಳೆದು ಹಂಚಿದ ಜಾಗಕ್ಕೆ, ಬೇಕಾಗುವ ಪಾಯಿಂಟೂ ಏರುತ್ತಲೇ ಹೋಗುತ್ತದೆ. ಬೆಂಗಳೂರಲ್ಲಿ ಸೈಟಿಗೆ ಅರ್ಜಿ ಮೇಲೆ ಅರ್ಜಿ ಗುಜರಾಯಿಸಿದ ನಮ್ಮ ಸೋದರಮಾವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ನಂದು ಐದನೇ ಅಟೆಂಪ್ಟು" ಅಂತ ಅವರೂ ಪದಕ ಗೆದ್ದವರ ಹಾಗೆ ಹೇಳಿಕೊಳ್ಳುತ್ತಿದ್ದರು.

ಶೀಟಿನ ಕೊನೆಯ ಕಾಲಂ ಹೆಸರು "ಮೊಣಕಾಲು". ಟ್ಯಾಗ್ ಬರುವ ಹೊತ್ತಿಗೆ ತನಗೆಷ್ಟು ವಯಸ್ಸು, ಎಷ್ಟು ದೂರ ನಡೆದೇನು ಅಂತ. ಅರಿಜೋನಾದ ಎದುರು ಬರೆದಿದ್ದ: "71, ಕೋಲು."

ಓಡಬೇಕಾದ ಎದುರಾಳಿಯಾದರೋ ಗಂಟೆಗೆ 80 ಕಿ.ಮೀ. ದಾಟುತ್ತದೆ! ಅರ್ಜಿಯಲ್ಲಿ ಅದನ್ನು ಆಂಟಿಲೋಪ್, ಅಂದರೆ ನಮ್ಮ ಕೃಷ್ಣಮೃಗದ ಜಾತಿ, ಅನ್ನುತ್ತಾರೆ. ಆಂಟಿಲೋಪೇ ಅಲ್ಲ ಅದು, ಹತ್ತಿರದ ನೆಂಟ ಜಿರಾಫೆ. ನಮ್ಮಲ್ಲಾಗಿದ್ದರೆ ಹೆಸರು ತಿದ್ದಿಸಲು ಅಫಿಡವಿಟ್ ಕೇಳುತ್ತಿದ್ದರು, ಅಲ್ವಾ?

ಹೋದ ಬೇಸಿಗೆಯಲ್ಲಿ ಇಬ್ಬರೂ ವಯೋಮಿಂಗ್‌ನ ಮಣ್ಣು ರಸ್ತೆಯೊಂದರಲ್ಲಿ ಕಾರು ನಿಲ್ಲಿಸಿದೆವು. ತಂತಿಬೇಲಿ ಪಕ್ಕದಲ್ಲೇ ಒಂದು ಸುಮ್ನೆ ಮೇಯುತ್ತಿತ್ತು. ಈ ಪ್ರಾಣಿ ಬೇಲಿ ಹಾರೋದು ಕಮ್ಮಿ, ನುಸುಳೋದೇ ಜಾಸ್ತಿ. ನಮ್ಮನ್ನೊಮ್ಮೆ ನೋಡಿತು, ತಲೆ ತಗ್ಗಿಸಿ ಕೆಳಗಿನ ತಂತಿಯಡಿ ತೂರಿ ಆಚೆ ಹೋಯಿತು.

ಇವನು ತಲೆ ಮೇಲೆ ಕೈ ಹೊತ್ತ. "ಛೆ, ಅದು ಬೇರೆ ಯೂನಿಟ್ಟು. ಅಲ್ಲಿಗೆ ನನಗಿನ್ನೂ ನಾಲ್ಕು ಪಾಯಿಂಟ್ ಕಮ್ಮಿ."