ಸ್ಪಷ್ಟನೆ: ಬಿಸಿಲು ನೋಡಿ ಅಲ್ಲ, ನೀರು ನೋಡಿ ಬಟ್ಟೆ ಹಾಕಿ

"ಬಿಸಿಲಿದ್ದರೆ ಕಯಾಕ್‌ನಲ್ಲಿ (ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿ) ಮೀನು ಹಿಡಿಯಲು ಜೀನ್ಸ್, ಟೀ ಶರ್ಟ್ ಸಾಕು, ಬಿದ್ದರೂ ಈಜಿ ದಡ ಸೇರಬಹುದು" ಎಂಬ ಸಂದೇಶ ಹರಿದಾಡುತ್ತಿದೆ. ಹಂಚಿದವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಇದು ಜೀವಕ್ಕೇ ಎರವಾಗುವ ತಪ್ಪು. ಬಿಸಿಲಿದ್ದರೂ ನೀರು ಕೊರೆಯುವಷ್ಟು ತಣ್ಣಗಿರಬಹುದು.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆದುಕೊಳ್ಳುತ್ತದೆ. 10 ಡಿಗ್ರಿ ಸೆಲ್ಸಿಯಸ್‌ನ ನೀರಿಗೆ ಬಿದ್ದ ಕೂಡಲೇ ಬಾಯಿ ತಾನಾಗಿ ತೆರೆದು ಏದುಸಿರು ಬರುತ್ತದೆ. ಆಗ ಮುಖ ಮುಳುಗಿದ್ದರೆ ಒಳಗೆ ಹೋಗುವುದು ನೀರೇ. ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಸಿಗುವುದು ಕಷ್ಟ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬೆರಳು ಮರಗಟ್ಟಿ ಲೈಫ್ ಜಾಕೆಟ್‌ನ ಬಕಲ್ ಹಾಕಲೂ ಆಗದು. ಅದಕ್ಕೇ ಜಾಕೆಟ್ ಮೊದಲೇ ಮೈಮೇಲಿರಬೇಕು, ಸೀಟಿನ ಹಿಂದೆ ಅಲ್ಲ.

ಇನ್ನು ಡ್ರೈಸೂಟ್, ಅಂದರೆ ತಣ್ಣೀರಿಗೆಂದೇ ಇರುವ, ಮೈ ಮುಚ್ಚುವ ಉಡುಪು. ಅದು ನೀರು ತಡೆಯುತ್ತದೆ, ಅಷ್ಟೇ. ಬೆಚ್ಚಗಿರಲು ಒಳಗೆ ಉಣ್ಣೆಯೋ ಫ್ಲೀಸೋ ಬೇಕೇ ಬೇಕು. ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಬಿಸುಪು ಹಿಡಿಯದು. ವೆಟ್‌ಸೂಟ್ (ತೆಳುವಾದ ನೀರಿನ ಪದರವನ್ನು ಮೈಗೆ ಒತ್ತಿ ಹಿಡಿದು ಬೆಚ್ಚಗಿಡುವ, ರಬ್ಬರಿನಂಥ ಉಡುಪು) ಆದರೆ ಮೈಗೆ ಅಂಟಿ ಕೂರಬೇಕು, ಸಡಿಲವಿದ್ದರೆ ತಣ್ಣೀರು ಒಳಹೊರಗೆ ಹರಿಯುತ್ತಲೇ ಇರುತ್ತದೆ.

ಹೊರಡುವ ಮುನ್ನ, ಜೊತೆಗೊಬ್ಬರಿರುವಾಗ, ಅದೇ ಉಡುಪಿನಲ್ಲಿ ದಡದ ಬಳಿಯೇ ನೀರಿಗಿಳಿದು ನೋಡಿ. ಡ್ರೈಸೂಟ್‌ನ ಮಣಿಕಟ್ಟಿನ ರಬ್ಬರ್ ಪಟ್ಟಿಯಡಿ ಸಿಕ್ಕಿಕೊಂಡ ಫ್ಲೀಸ್ ತೋಳಿನ ಒಂದು ಮಡಿಕೆ ಸಾಕು, ನೀರು ಒಳಗೆ ಜಿನುಗಲು.